ವರ್ಲಿನ್ ಮಿಶ್ಲರನ ಸ್ವಂತ ಕೀಲು

ಭೂಮಿಯ ಮೇಲೆ ಎಲ್ಲಿ ಯಾರ ಸೊಂಟ ಸವೆದರೂ ಅದಕ್ಕೆ ಬದಲಿ ಕೀಲು ನಮ್ಮ ಊರಿನಿಂದಲೇ ಹೋಗಬೇಕು ಎಂದು ನಮ್ಮ ಊರಿನವರು ನಂಬಿದ್ದಾರೆ. ಇಂಡಿಯಾನಾದ ಉತ್ತರಕ್ಕೆ, ಮೆಕ್ಕೆಜೋಳದ ಹೊಲಗಳ ನಡುವೆ, ಒಂದು ದೊಡ್ಡ ಕೆರೆಯನ್ನು ಸುತ್ತಿಕೊಂಡು ಕೂತಿರುವ ಈ ಊರಿಗೆ ಹೆಮ್ಮೆ ಪಡಲು ಬೇರೇನೂ ಇಲ್ಲ. ಆದ್ದರಿಂದ ಅದನ್ನು ನಾನು ತಪ್ಪೆನ್ನುವುದಿಲ್ಲ. ಕೆರೆಯ ಪೂರ್ವಕ್ಕೆ ಕೆಸ್ಲರ್ ಕಾರ್ಖಾನೆ, ಪಶ್ಚಿಮಕ್ಕೆ ನಾರ್ಥ್‌ಲೇಕ್ ಕಾರ್ಖಾನೆ. ಎರಡೂ ಮಾಡುವುದು ಒಂದೇ ಸಾಮಾನು: ತೊಡೆಮೂಳೆಯೊಳಗೆ ಇಳಿಸುವ ಗೇಣುದ್ದದ ಲೋಹದ ಗೂಟ, ಗೂಟದ ತಲೆಗೊಂದು ಗುಂಡು, ಗುಂಡು ಕೂರಲು ಒಂದು ಬಟ್ಟಲು, ಮತ್ತೆ ಇವನ್ನೆಲ್ಲ ಕೂರಿಸಲು ಬೇಕಾಗುವ ಗರಗಸ, ಅರ, ಸುತ್ತಿಗೆ ಇತ್ಯಾದಿ. ಆದರೆ ಕೆಸ್ಲರ್‌ನವರು ನಾರ್ಥ್‌ಲೇಕ್ ಕೀಲನ್ನು ಕೀಲೆಂದೇ ಒಪ್ಪುವುದಿಲ್ಲ. ನಾರ್ಥ್‌ಲೇಕ್‌ನವರು ಕೆಸ್ಲರ್‌ನವರ ಮನೆ ಮದುವೆಗೆ ಹೋಗಿ ಬಂದರೆ ಊಟ ಸಪ್ಪೆಯಾಗಿತ್ತು ಎಂದೇ ಹೇಳುತ್ತಾರೆ.

ಗೂಟದ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಮನುಷ್ಯನ ಮೈಗೆ ನಿಷಿದ್ಧ. ಅದನ್ನು ಜಜ್ಜಿ ಹಾಕಬೇಕು, ಜಜ್ಜಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಒಂದೊಂದು ಗೂಟದ ಕುತ್ತಿಗೆಯ ಮೇಲೂ ಕಂಪನಿಯ ಗುರುತು ಮತ್ತು ಸಂಖ್ಯೆ ಇರುತ್ತದೆ. ಅದು ಯಾರ ಮೂಳೆ ಸೇರಿತು ಅಥವಾ ಯಾವ ದಿನ ಜಜ್ಜಿಹೋಯಿತು ಎಂದು ಕಂಪನಿ ಲೆಕ್ಕ ಕೊಡಬೇಕೆನ್ನುವುದು ಕಾನೂನು. ಇಷ್ಟೆಲ್ಲ ಕಾನೂನಿದ್ದೂ ನಮ್ಮ ಬೀದಿಯ ಗೇಲ್ ರೆಪ್ಲೋಗಲ್‌ನ ಗೇಟಿನ ಹಿಡಿ ಒಂದು ಸೊಂಟದ ಗೂಟ. ಓರ್ಫಾ ಸ್ವೈಹಾರ್ಟ್ ಎಂಬ ಮುದುಕಿಯ ಜಗಲಿಯಲ್ಲಿ ಗಾಳಿ ಬೀಸಿದಾಗ ಕಿಣಿಕಿಣಿ ಎನ್ನುವುದು ತೀರಿಹೋದ ಗಂಡ ಊಟದ ಡಬ್ಬಿಯಲ್ಲಿ ಮನೆಗೆ ತಂದ ಏಳು ಗೂಟಗಳು. ಚರ್ಚಿನ ನೆಲಮಾಳಿಗೆಯ ಬಾಗಿಲಿಗೂ ಒಳಗಡೆ ಅದೇ ಹಿಡಿ. ಊರಿಗೆ ಊರೇ ಕಳ್ಳಮಾಲಿನ ಮೇಲೆ ಕೈಯಿಟ್ಟುಕೊಂಡು ಭಾನುವಾರ ಪ್ರಾರ್ಥನೆ ಮಾಡುತ್ತದೆ.

ನಾನು ಡಾರ್ಲಾ. ಇಪ್ಪತ್ತೆರಡು ವರ್ಷದಿಂದ ಊರಿನ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಡಾಕ್ಟರ ಕೈಗೆ ಸಾಮಾನು ಎತ್ತಿಕೊಡುವವಳು. ಕಾರ್ಖಾನೆಯವರು ಎಷ್ಟೇ ಕೊಚ್ಚಿಕೊಳ್ಳಲಿ, ರಕ್ತ ಮೆತ್ತಿಕೊಂಡು ಆ ಸಾಮಾನು ಕೊನೆಗೆ ಬರುವುದು ನನ್ನ ಕೈಗೆ. ಹಾಗಾಗಿ ಈ ಊರಿನಲ್ಲಿ ನನಗೆ ಯಾರ ಮೇಲೂ ವಿಶೇಷ ಗೌರವವಿಲ್ಲ. ಅದರಲ್ಲೂ ನನ್ನ ತಂಗಿ ಜಾನೆಲ್‌ಳ ಗಂಡ ವರ್ಲಿನ್ ಮಿಶ್ಲರನ ಮೇಲೆ ಮೊದಲಿನಿಂದಲೂ ಇರಲಿಲ್ಲ.

ವರ್ಲಿನ್ ಮೂವತ್ತೊಂದು ವರ್ಷ ಕೆಸ್ಲರ್‌ನಲ್ಲಿದ್ದ. ಏನು ಕೆಲಸ ಎಂದು ಕೇಳಿದರೆ "ವಿನ್ಯಾಸ" ಎನ್ನುತ್ತಿದ್ದ. ಯಾವುದರ ವಿನ್ಯಾಸ ಎಂದು ಕೇಳಿದರೆ "ಹೇಳೋ ಹಾಗಿಲ್ಲ, ಕಂಪನಿ ಗುಟ್ಟು" ಎನ್ನುತ್ತಿದ್ದ. ಜೇಬಿನಲ್ಲಿ ಯಾವಾಗಲೂ ನಾಲ್ಕು ಪೆನ್ನು. ನಮ್ಮ ಬೀದಿಯವರೆಲ್ಲ ನಾರ್ಥ್‌ಲೇಕ್‌ನವರಾದ್ದರಿಂದ ಅವನ ಮಾತನ್ನು ತೂಗಿ ನೋಡುವವರು ಯಾರೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಿವೃತ್ತನಾದಾಗ ಅವನ ಮನೆಯ ಅಗ್ಗಿಷ್ಟಿಕೆಯ ಮೇಲೆ ವಾಲ್‌ನಟ್ ಹಲಗೆಗೆ ಕೂರಿಸಿದ ಒಂದು ಗೂಟ ಕಾಣಿಸಿಕೊಂಡಿತು. ಕಂಪನಿ ಕೊಟ್ಟ ಸನ್ಮಾನವಂತೆ. ನಕ್ಷೆ ಎಳೆದದ್ದೂ ಅವನೇ, ಮೆರುಗು ಕೊಟ್ಟದ್ದೂ ಅವನೇ ಅಂತೆ. ಬಂದವರೆಲ್ಲ ಅದನ್ನು ನೋಡಿ ತಲೆದೂಗಬೇಕು, ಆಮೇಲೇ ಕಾಫಿ.

ಹೀಗಿರುವಾಗ ಅವನ ಎಡಸೊಂಟ ಕೈಕೊಟ್ಟಿತು. ಎರಡು ಕೋಲು ಹಿಡಿದು ನಡೆಯುವ ಹಾಗಾಯಿತು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಒರಗು ಕುರ್ಚಿಯಲ್ಲೇ ಮಲಗತೊಡಗಿದ. ಶೌಚಕ್ಕೆ ಹೋದರೆ ಏಳಿಸಲು ಜಾನೆಲ್ ಬೇಕು. ಅವಳು ತರಕಾರಿಗೆಂದು ಹೋದ ಒಂದು ಬೆಳಿಗ್ಗೆ ಅವನು ಅಲ್ಲೇ ಒಂದೂವರೆ ಗಂಟೆ ಕೂತಿದ್ದನಂತೆ. ಡಾಕ್ಟರ್ ಹೌಕ್ ಕೊಡುವ ದಿನಾಂಕಕ್ಕಾಗಿ ಐದು ತಿಂಗಳು ಕಾದ ಮೇಲೆ ಜೂನ್ ಹದಿನೇಳು ಎಂದು ಗೊತ್ತಾಯಿತು.

ಆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಮನೆಗೊಂದು ಅಡುಗೆ ತಂದು ಎಲ್ಲರೂ ಹಂಚಿಕೊಂಡು ತಿನ್ನುವ ಊಟ. ನಾನು ಎಂದಿನಂತೆ ಮ್ಯಾಕರೋನಿ ತಂದಿದ್ದೆ.

"ಏನಪ್ಪಾ ವರ್ಲಿನ್," ಎಂದು ಗೇಲ್ ಬಾಯಿತುಂಬ ಹುರುಳಿಕಾಯಿ ಇಟ್ಟುಕೊಂಡೇ ಕೇಳಿದ, "ಯಾರ ಕೀಲು ಹಾಕ್ತಾರಂತೆ ನಿಂಗೆ? ನಮ್ದೇ ತಾನೆ?"

"ನಿಮ್ದಾ? ನಿಮ್ ಗೂಟಾನ ನಾನು ಟೊಮೇಟೊ ಗಿಡಕ್ಕೂ ನೆಡಲ್ಲ."

"ಹಂಗಾದ್ರೆ ಕೆಸ್ಲರ್‌ದೇ ಹಾಕ್ಲಿ ಬಿಡು. ಸಾಯೋವರ್ಗೂ ಕೀಂಯ್ ಅಂತ ಸದ್ದು ಮಾಡ್ಕೊಂಡು ಓಡಾಡು."

ವರ್ಲಿನ್ ಚಮಚ ಕೆಳಗಿಟ್ಟ. ಅವನು ಚಮಚ ಕೆಳಗಿಟ್ಟರೆ ಸುಳ್ಳು ಬರುತ್ತದೆ ಎಂದು ನನಗೆ ಗೊತ್ತು.

"ಸುಮ್ನೆ ಯಾವ್ದೋ ಕೆಸ್ಲರ್ ಅಲ್ಲ ಗೇಲ್. ನಂದೇ. ನಮ್ಮನೆ ಹಲಗೆ ಮೇಲೆ ಇದೆಯಲ್ಲ, ಅದೇ. ನಾನೇ ಮಾಡಿದ್ದನ್ನ ನಂಗೇ ಹಾಕ್ತಾರೆ."

"ಡಾಕ್ಟ್ರು ಒಪ್ಪಿದ್ರಾ?"

"ಒಪ್ಪದೆ ಏನು? ಕೈಲಿ ಹಿಡ್ಕೊಂಡು ನೋಡಿದ್ರು. ಇಂಥ ಮೆರುಗು ಈಗ ಯಾರು ಕೊಡ್ತಾರೆ ಮಿಶ್ಲರ್ ಅವ್ರೇ ಅಂದ್ರು. ಒಂದ್ಸಲ ಕುದಿಸಿದ್ರೆ ಸಾಕಂತೆ."

ಅಲ್ಲೇ ನಾನು ಬಾಯಿ ಹಾಕಬೇಕಿತ್ತು. ಆದರೆ ಅದೇ ಹೊತ್ತಿಗೆ ಓರ್ಫಾ ನನ್ನ ತೋಳು ಹಿಡಿದು, "ಡಾರ್ಲಾ, ನಿನ್ ಮ್ಯಾಕರೋನಿ ಮೇಲಿನ ಚೀಸು ಇಷ್ಟು ನವಿರಾಗಿ ಹೆಂಗಮ್ಮಾ ತುರೀತೀಯ? ನಾನು ತುರಿದ್ರೆ ಕಡ್ಡಿ ಕಡ್ಡಿ ಬರುತ್ತೆ," ಎಂದು ಕೇಳಿದಳು. "ಎಲ್ಲಾ ಕೈಗುಣ ಕಣ್ರೀ," ಎಂದು ಆ ಕಡೆ ತಿರುಗಿದೆ. ಈ ಕಡೆ ತಿರುಗುವಷ್ಟರಲ್ಲಿ ಗೇಲ್ ಎರಡು ಮೇಜು ದಾಟಿ ಮೂರನೆಯ ಮೇಜಿನವರಿಗೆ ಕಥೆ ಹೇಳುತ್ತಿದ್ದ.

ಸೋಮವಾರ ಕ್ಷೌರದಂಗಡಿಯಲ್ಲಿ ವರ್ಲಿನ್ ತನ್ನ ಕೀಲನ್ನು ತಾನೇ ತರುತ್ತಾನಂತೆ ಎಂದಾಯಿತು. ಮಂಗಳವಾರ ಅಂಚೆ ಕಚೇರಿಯಲ್ಲಿ ವರ್ಲಿನ್ ಒಂದಲ್ಲ ಎರಡು ಕೀಲು ಮಾಡಿಟ್ಟಿದ್ದಾನೆ, ಬಲಗಾಲಿನದು ಮುಂದಕ್ಕಂತೆ ಎಂದಾಯಿತು. ಬುಧವಾರ ಸುದ್ದಿ ಕೆಸ್ಲರ್‌ನ ಗುಣಮಟ್ಟ ವಿಭಾಗ ಮುಟ್ಟಿತು. ಗುರುವಾರ ಡಾಕ್ಟರ್ ಹೌಕ್ ನನ್ನನ್ನು ಕರೆಸಿದರು.

ಹೌಕ್ ಬಗ್ಗೆ ಒಂದು ಮಾತು. ಅವರ ಕೈ ಒಳ್ಳೆಯದು. ಅವರಲ್ಲಿ ಒಳ್ಳೆಯದು ಅದೊಂದೇ. ಎರಡು ವರ್ಷದ ಹಿಂದೆ ಅವರು ಕೆಸ್ಲರ್ ಕೀಲು ಬಿಟ್ಟು ನಾರ್ಥ್‌ಲೇಕ್ ಕೀಲು ಹಿಡಿದರು. ಅರದ ಹಿಡಿ ಕೈಗೆ ಚೆನ್ನಾಗಿ ಒಗ್ಗುತ್ತದೆ ಎನ್ನುವುದು ಅವರು ಕೊಟ್ಟ ಕಾರಣ. ನಾರ್ಥ್‌ಲೇಕ್‌ನ ಮಾರಾಟಗಾರ ಕಿಪ್ ಡೆನ್ಲಿಂಗರ್ ಅವರ ಜೊತೆ ಗಾಲ್ಫ್ ಆಡಿ ಪ್ರತಿ ಸಲವೂ ಸೋಲುತ್ತಾನೆ ಎನ್ನುವುದು ನಾನು ಕಂಡ ಕಾರಣ. ವರ್ಲಿನ್‌ಗೆ ಈ ಬದಲಾವಣೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಡಾರ್ಲಾ, ನಿನ್ನ ತಂಗಿ ಗಂಡ ಮನೆಯಿಂದ ಸೊಂಟ ತರ್ತಾನಂತೆ?"

"ಬಾಯಿಚಪಲ ಸಾರ್."

"ಕೆಸ್ಲರ್‌ನಿಂದ ಕಾಗದ ಬಂದಿದೆ. ಲೆಕ್ಕಕ್ಕೆ ಸಿಗದ ತುಂಡೊಂದನ್ನ ನಾನು ಒಬ್ಬ ರೋಗಿಗೆ ಹಾಕೋಕೆ ಹೊರಟಿದ್ದೀನಂತೆ. ನಾನು! ಅದನ್ನ ಕೈಲಿ ಹಿಡ್ಕೊಂಡು ಮೆರುಗು ಹೊಗಳಿದ್ನಂತೆ!" ಹೌಕ್ ಕೆಂಪಗಾದರು. "ಆ ಕಾಗದ ಬರೆದಿರೋ ಪ್ಲೆಚರ್ ಹೆಂಗಸು ಎಲ್ಲಾ ಸರಿಯಿದೆ ಅಂತ ಬರ್ಕೊಡೋವರ್ಗೂ ಆಪರೇಷನ್ ಇಲ್ಲ. ಹದಿನೇಳು ತಪ್ಪಿದ್ರೆ ಮುಂದಿನ ಖಾಲಿ ದಿನ ನವೆಂಬರ್‌ನಲ್ಲಿ. ಹೋಗಿ ಹೇಳು."

ಅದನ್ನು ನಾನು ಜಾನೆಲ್‌ಗೆ ಹೇಳಿದೆ. ಅವಳು ವರ್ಲಿನ್‌ನನ್ನು ಎತ್ತಿ ಎತ್ತಿ ನೋಯುತ್ತಿದ್ದ ಸೊಂಟವನ್ನು ಕೈಯಿಂದ ಒತ್ತಿಕೊಂಡಳು, ಅಷ್ಟೆ.

ಕೆಸ್ಲರ್‌ನವರು ಮಿಸ್ ಪ್ಲೆಚರ್ ಎಂಬ ಅಧಿಕಾರಿಯನ್ನು ನಮ್ಮ ಬೀದಿಗೆ ಕಳಿಸುತ್ತಾರೆ ಎಂಬುದು ಬೀದಿಗೆ ತಿಳಿದದ್ದೇ ತಡ, ಎಲ್ಲರ ಎದೆ ಒಡೆಯಿತು. ಅವಳು ಒಂದು ಮನೆಗೆ ಬಂದು ಸುಮ್ಮನೆ ಹೋಗುತ್ತಾಳೆಯೇ? ಗೇಟುಗೇಟು ಮುಟ್ಟಿ ನೋಡುತ್ತಾಳೆ. ನಾರ್ಥ್‌ಲೇಕ್‌ಗೂ ಫೋನ್ ಮಾಡುತ್ತಾಳೆ. ಪಿಂಚಣಿ ನಿಲ್ಲುತ್ತದೆ. ಹೀಗೆಂದು ಗೇಲ್ ಮನೆಮನೆಗೆ ಹೋಗಿ ಎಲ್ಲರನ್ನೂ ಹೆದರಿಸಿ, ಮೊದಲು ತಾನೇ ಹೆದರಿದ.

ಶನಿವಾರ ಹಗಲು ಹತ್ತು ಗಂಟೆಗೆ ಕೆರೆಯ ತುಂಬ ದೋಣಿಗಳು. ಎಲ್ಲರೂ ಮೀನು ಹಿಡಿಯಲು ಬಂದವರೇ, ಒಬ್ಬರ ಕೈಯಲ್ಲೂ ಗಾಳವಿಲ್ಲ. ಎಲ್ಲರ ಕಾಲ ಬಳಿಯೂ ಒಂದೊಂದು ಬಕೆಟ್ಟು, ಬಕೆಟ್ಟಿನ ಮೇಲೆ ಟವೆಲು. ಒಬ್ಬರು ಇನ್ನೊಬ್ಬರ ಕಡೆ ನೋಡದೆ ಮೋಡದ ಬಗ್ಗೆ ಮಾತಾಡುತ್ತಾರೆ, ಮಧ್ಯೆ ಮಧ್ಯೆ ಗುಳುಂ ಎನ್ನುತ್ತದೆ. ಓರ್ಫಾ ನೀರಿಗೆ ಹೆದರುವವಳಾದ್ದರಿಂದ ತನ್ನ ಏಳು ಗೂಟಗಳನ್ನು ಹೂವಿನ ಪಾತಿಯಲ್ಲಿ ಹೂತು, ಮೇಲೊಂದು ಕಲ್ಲಿಟ್ಟು, ಕೇಳಿದವರಿಗೆ ಬೆಕ್ಕು ಸತ್ತಿದೆ ಎಂದಳು. ಬೆಕ್ಕು ಕಿಟಕಿಯಲ್ಲಿ ಕೂತು ಅವಳನ್ನೇ ನೋಡುತ್ತಿತ್ತು. ಪಾದ್ರಿಗಳೂ ಚರ್ಚಿನ ನೆಲಮಾಳಿಗೆಯ ಬಾಗಿಲಿನ ಹಿಡಿಯನ್ನು ಯಾರಿಗೂ ಹೇಳದೆ ಬಿಚ್ಚಿಸಿದರು. ಮರುದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ನಲವತ್ತು ಜನಕ್ಕೆ ಅದನ್ನು ತೆರೆಯಲು ಹಿಡಿಯೇ ಇರಲಿಲ್ಲ. ಅಗ್ನಿಶಾಮಕದವರು ಬರುವವರೆಗೆ ಅವರು ಅಲ್ಲೇ ಕೂತು ವರ್ಲಿನ್‌ನನ್ನು ಬೈದರು. ಪಾದ್ರಿಗಳು ಬೈಯಲಿಲ್ಲ, ಆದರೆ ಬೈಯುವವರನ್ನು ತಡೆಯಲೂ ಇಲ್ಲ.

ಸೋಮವಾರ ಮಿಸ್ ಪ್ಲೆಚರ್ ಬಂದಳು. ಬೂದು ಕೋಟು, ಎದೆಗವಚಿದ ದಪ್ಪ ಫೈಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಬೀದಿಯಲ್ಲಿ ಹಿಡಿಯಿಲ್ಲದ ಗೇಟುಗಳ ಸಾಲನ್ನು ಒಮ್ಮೆ ನೋಡಿದಳು, ಏನನ್ನೋ ಬರೆದುಕೊಂಡಳು, ಸೀದಾ ವರ್ಲಿನ್‌ನ ಮನೆಗೆ ನಡೆದಳು. ಜಾನೆಲ್ ನನ್ನನ್ನೂ ಕರೆಸಿಕೊಂಡಿದ್ದಳು. ಸೆಖೆಗೆ ಕಿಟಕಿ ತೆರೆದಿತ್ತು. ಕಿಟಕಿಯ ಹೊರಗೆ ಗೇಲ್, ಅವನ ಹಿಂದೆ ಓರ್ಫಾ, ಅವಳ ಹಿಂದೆ ಬೀದಿಯ ಅರ್ಧ ಜನ. ಯಾರೂ ಕೇಳಿಸಿಕೊಳ್ಳಲು ಬಂದವರಲ್ಲ, ಎಲ್ಲರಿಗೂ ಆ ಕಿಟಕಿಯ ಕೆಳಗಿನ ಹುಲ್ಲಿನ ಬಗ್ಗೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತ್ತು.

ಮಿಸ್ ಪ್ಲೆಚರ್ ಹಲಗೆಯಿಂದ ಗೂಟ ಬಿಚ್ಚಿದಳು. ಕುತ್ತಿಗೆಯ ಮೇಲೆ ಭೂತಗನ್ನಡಿ ಹಿಡಿದಳು. ಬಹಳ ಹೊತ್ತು ನೋಡಿದಳು.

"ಇದು ನಮ್ಮದಲ್ಲ," ಎಂದಳು.

"ಅಂದ್ರೆ?" ವರ್ಲಿನ್‌ನ ದನಿ ಕ್ಷೀಣವಾಗಿತ್ತು.

"ನಾರ್ಥ್‌ಲೇಕ್‌ನವರ ಗುರುತಿದೆ."

"ನಮ್ದು!" ಎಂದು ಗೇಲ್ ಕಿಟಕಿಯೊಳಗೆ ಅರ್ಧ ಬಂದುಬಿಟ್ಟ. "ನಾಲ್ಕು ವರ್ಷದಿಂದ ನಮ್ ಕೀಲಿಗೆ ತಲೆದೂಗಿಸಿದ್ದಾನಲ್ರೋ ನಮ್ ಕೈಲೇ!"

"ಎಲ್ಲಿ ಸಿಕ್ತು ಮಿಶ್ಲರ್ ಅವ್ರೇ?" ಎಂದಳು ಮಿಸ್ ಪ್ಲೆಚರ್.

ವರ್ಲಿನ್ ನೆಲ ನೋಡಿದ. "ಯಾರೋ ಮನೆ ಮುಂದೆ ಹಳೇ ಸಾಮಾನು ಮಾರ್ತಿದ್ರು..."

"ಅಯ್ಯೋ! ಅದು ನನ್ ಗಾಳಿಗಂಟೇದು!" ಓರ್ಫಾ ಹೊರಗಿನಿಂದ ಕಿರುಚಿದಳು. "ಎಂಟಿದ್ವು ಕಣ್ರೀ, ಒಂದು ಸದ್ದು ಚೆನ್ನಾಗಿಲ್ಲ ಅಂತ ಮಾರಿಬಿಟ್ಟಿದ್ದೆ!" ಎಂದವಳು, ತಾನು ಏನು ಹೇಳಿದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡಳು. ಮಿಸ್ ಪ್ಲೆಚರ್ ಅದನ್ನೂ ಬರೆದುಕೊಂಡಳು.

"ತುಂಡು ನಮ್ಮದಲ್ಲ ಸರಿ. ಆದ್ರೆ ನೀವು ಹೇಳಿದ್ದು ನಮ್ಮ ಹೆಸರು. ನಕ್ಷೆ ಎಳೆದೆ, ಮೆರುಗು ಕೊಟ್ಟೆ ಅಂದಿದ್ದೀರಿ. ಆಸ್ಪತ್ರೆಗೆ ನಾನು ಚೀಟಿ ಕೊಡಬೇಕಾದ್ರೆ ಕೆಸ್ಲರ್‌ನಲ್ಲಿ ನಿಮ್ಮ ಕೆಲಸ ಏನು ಅಂತ ಬರಹದಲ್ಲಿ ಬೇಕು. ನನ್ನ ಫೈಲಲ್ಲಿ ಇದೆ. ಎರಡೂ ತಾಳೆಯಾಗಬೇಕು."

"ಜಾನೆಲ್, ಕಿಟಕಿ ಮುಚ್ಚು," ಎಂದ ವರ್ಲಿನ್.

"ಗೇಲ್ ಮೊಣಕೈ ಇದೆ."

"ತೆಗೀ ಅನ್ನು."

"ಇದ್ರೆ ಏನಾಯ್ತು, ಗಾಳಿ ಬರ್ತಿದೆ," ಎಂದ ಗೇಲ್.

ಜಾನೆಲ್ ಕುರ್ಚಿಯ ಪಕ್ಕ ಬಂದು ನಿಂತಳು. "ಹೇಳಿಬಿಡು ವರ್ಲಿನ್. ನವೆಂಬರ್‌ವರ್ಗೂ ನಿನ್ನ ಎತ್ತೋಕೆ ನನ್ ಕೈಲಾಗಲ್ಲ. ನಿಂಗೆ ಮರ್ಯಾದೆ ಬೇಕೋ ಕಾಲು ಬೇಕೋ ಈಗ್ಲೇ ಹೇಳು."

ವರ್ಲಿನ್ ಜೇಬಿನ ನಾಲ್ಕು ಪೆನ್ನುಗಳಲ್ಲಿ ಒಂದನ್ನು ತೆಗೆದ. ಅದರಲ್ಲಿ ಇಂಕು ಇರಲಿಲ್ಲ. ಇನ್ನೊಂದರಲ್ಲೂ ಇರಲಿಲ್ಲ. ಮಿಸ್ ಪ್ಲೆಚರ್ ತನ್ನದನ್ನು ಕೊಟ್ಟಳು.

"ಡಬ್ಬಿ," ಎಂದ.

"ಸ್ವಲ್ಪ ಜೋರಾಗಿ."

"ಡಬ್ಬಿ ಅಂಟಿಸ್ತಿದ್ದೆ. ಹದಿನಾಲ್ಕನೇ ಬಾಗಿಲು. ಕೀಲು ಚಿಕ್ಕ ಡಬ್ಬೀಲಿ ಬರೋದು. ಅದನ್ನ ದೊಡ್ಡ ಡಬ್ಬೀಲಿಟ್ಟು, ಟೇಪು ಸುತ್ತಿ, ಲಾರಿಗೆ ಏರಿಸೋದು. ಮೂವತ್ತೊಂದು ವರ್ಷ."

"ನಕ್ಷೆ?"

"ಇಲ್ಲ."

"ಮೆರುಗು?"

"ಇಲ್ಲ. ಕೆಸ್ಲರ್ ಕೀಲನ್ನ ಕಣ್ಣಲ್ಲೇ ನೋಡಿಲ್ಲ. ನನ್ ಹತ್ರ ಬರೋವಾಗ್ಲೇ ಮುಚ್ಚಿರೋದು."

ವರ್ಲಿನ್ ಇನ್ನೊಂದು ಮಾತು ಸೇರಿಸಿದ, ಯಾರೂ ಕೇಳದಿದ್ದರೂ. "ಎರಡು ಸುತ್ತು ಟೇಪು ಅಂತ ಹೇಳಿದ್ರು. ನಾನು ಮೂರು ಸುತ್ತು ಹಾಕ್ತಿದ್ದೆ. ಯಾರ ಸೊಂಟವೋ ಏನೋ, ದಾರೀಲಿ ಬಿಚ್ಕೊಂಡ್ರೆ ಅಂತ."

ಮಿಸ್ ಪ್ಲೆಚರ್ ತಲೆಯೆತ್ತಿದಳು. "ಮೂರು ಸುತ್ತಾ? ನಿಯಮ ಎರಡು. ಇದನ್ನೂ ನಮೂದಿಸಬೇಕಾಗುತ್ತೆ." ನಮೂದಿಸಿದಳು. ವರ್ಲಿನ್ ಸಹಿ ಹಾಕಿದ, ಅವಳು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಆಗ ಗೇಲ್ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ದಿನದ ಹಿಂದೆ ಗೇಟಿನ ಹಿಡಿಯನ್ನು ಟವೆಲಿನಲ್ಲಿ ಸುತ್ತಿ ಕೆರೆಗೆ ಎಸೆದು ನಡುಗುತ್ತ ಮನೆಗೆ ಬಂದ ಮಹಾಶೂರ ಅವನು. ಅವನ ಹಿಂದೆ ಬೀದಿಯೆಲ್ಲ ನಕ್ಕಿತು. ಮಾರನೆಯ ದಿನದಿಂದ ಮಿಶ್ಲರನ ಬಾಗಿಲ ಮುಂದೆ ದಿನಕ್ಕೊಂದು ಟೇಪಿನ ಸುರುಳಿ ಬಂದು ಬೀಳತೊಡಗಿತು. ಎದುರಿಗೆ ಕಂಡವರು "ಏನು ವಿನ್ಯಾಸಕಾರ್ರೇ" ಎಂದು ಟೋಪಿ ಎತ್ತುತ್ತಿದ್ದರು. ವರ್ಲಿನ್ ಪೆನ್ನುಗಳನ್ನು ಜೇಬಿನಿಂದ ತೆಗೆದಿಟ್ಟ. ಚರ್ಚಿಗೆ ಬರುವುದನ್ನು ಬಿಟ್ಟ. ಅವನ ಸುಳ್ಳಿನ ಮೇಲೆ ಇಷ್ಟು ವರ್ಷ ಹಲ್ಲು ಕಡಿದ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಹದಿನೇಳು ಬಂತು. ಕಿಪ್ ಡೆನ್ಲಿಂಗರ್ ನಾರ್ಥ್‌ಲೇಕ್‌ನ ಏಳು ಪೆಟ್ಟಿಗೆ ಸಾಮಾನು ಕಳಿಸಿದ್ದ. ಅವನೂ ಮುಖಗವಸು ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದ. ನಮ್ಮಲ್ಲಿ ಮಾರಾಟಗಾರನೂ ಆಪರೇಷನ್ ಕೋಣೆಯಲ್ಲಿ ನಿಲ್ಲುತ್ತಾನೆ. ಏನನ್ನೂ ಮುಟ್ಟುವ ಹಾಗಿಲ್ಲವಾದ್ದರಿಂದ ಕೈಯಲ್ಲೊಂದು ಲೇಸರ್ ದೀಪ ಹಿಡಿದು, ಮುಂದೆ ಯಾವ ಸಾಮಾನು ಬೇಕೋ ಅದರ ಮೇಲೆ ಕೆಂಪು ಚುಕ್ಕೆ ಬಿಡುತ್ತಾನೆ. ಕಿಪ್‌ನ ಚುಕ್ಕೆ ನಾನು ಆಗಲೇ ಕೈಗೆತ್ತಿಕೊಂಡ ಸಾಮಾನಿನ ಮೇಲೆ ಬಂದು ಕೂರುತ್ತದೆ, ಆಮೇಲೆ ಅವನು ತಾನು ಉಪಕಾರ ಮಾಡಿದಂತೆ ತಲೆಯಾಡಿಸುತ್ತಾನೆ.

ವರ್ಲಿನ್‌ಗೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಪೂರ್ತಿ ಮಲಗಿಸುತ್ತೇವೆ ಎಂದರೆ ಬೇಡವೆಂದ. ಎದೆಯ ಮುಂದೆ ನೀಲಿ ಪರದೆ, ಪರದೆಯ ಆ ಕಡೆ ಅವನ ತಲೆ, ಈ ಕಡೆ ನಾವು. ಅವನ ಬಾಯಿಗೆ ಹೆದರಿ ಹೌಕ್ ಮೊದಲೇ, "ಒಂದು ಸಲಹೆ ಕೊಟ್ರೂ ಮಲಗಿಸಿಬಿಡ್ತೀನಿ," ಎಂದಿದ್ದರು. ವರ್ಲಿನ್ ಒಂದು ಮಾತೂ ಆಡಲಿಲ್ಲ. ನಾನು ಅವನನ್ನು ನೋಡಿದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಹೊರಗಿನವರು ಇದನ್ನು ಏನೋ ಸೂಕ್ಷ್ಮ ವಿದ್ಯೆ ಎಂದುಕೊಂಡಿದ್ದಾರೆ. ಇದು ಬಡಗಿಯ ಕೆಲಸ. ಹೌಕ್ ಗರಗಸದಿಂದ ತೊಡೆಮೂಳೆಯ ತಲೆ ಕತ್ತರಿಸಿ ನನ್ನ ಕೈಗೆ ಹಾಕಿದರು. ಆಮೇಲೆ ತುರಿಬಟ್ಟಲು, ಅಂದರೆ ಹೊರಮೈ ತುಂಬ ಚೂಪು ತೂತುಗಳಿರುವ ಅರ್ಧಗೋಳ. ಅದನ್ನು ಡ್ರಿಲ್ಲಿಗೆ ಸಿಕ್ಕಿಸಿ, ನಲವತ್ತೆಂಟು, ಐವತ್ತು, ಐವತ್ತೆರಡು ಎಂದು ಅಳತೆ ಏರಿಸುತ್ತ ಸೊಂಟದ ಗುಳಿಯನ್ನು ತುರಿದರು. ಗುಳಿಗೆ ಬಟ್ಟಲು ಬಡಿದರು. ನಂತರ ತೊಡೆಮೂಳೆಯೊಳಗೆ ಹಲ್ಲಿನ ಅರಗಳು, ಒಂದನೆಯದು, ಎರಡನೆಯದು, ಮೂರನೆಯದು, ಒಂದಕ್ಕಿಂತ ಒಂದು ದಪ್ಪ, ಸುತ್ತಿಗೆಯಿಂದ ಟಕ್ ಟಕ್ ಎಂದು. ಮೊದಲು ಸದ್ದು ಟೊಳ್ಳಾಗಿರುತ್ತದೆ. ಅರ ಮೂಳೆಗೆ ಸರಿಯಾಗಿ ಕಚ್ಚಿಕೊಂಡ ಕ್ಷಣ ಅದು ಗಟ್ಟಿಯಾಗುತ್ತದೆ. ಅಲ್ಲಿ ನಿಲ್ಲಿಸದ ಡಾಕ್ಟರು ಮೂಳೆ ಸೀಳುತ್ತಾನೆ. ಆರನೆಯ ಅರಕ್ಕೆ ಸದ್ದು ಬದಲಾಯಿತು, ಹೌಕ್ ನಿಲ್ಲಿಸಿದರು.

"ಗೂಟ ಕೊಡು," ಎಂದರು. ಕಿಪ್‌ನ ಕೆಂಪು ಚುಕ್ಕೆ ನಾರ್ಥ್‌ಲೇಕ್‌ನ ಹೊಸ ಗೂಟದ ಮೇಲೆ ಹೊಳೆಯಿತು.

"ಡಾರ್ಲಾ," ಎಂದು ಪರದೆಯ ಆಚೆಯಿಂದ ವರ್ಲಿನ್ ಕರೆದ.

"ಏನು?"

"ಅದು ಕೆಸ್ಲರ್‌ದಾ?"

ಸುತ್ತಿಗೆ ಎತ್ತಿದ್ದ ಹೌಕ್ ಹಾಗೇ ನಿಂತರು. ಕಿಪ್ ಕತ್ತು ಚಾಚಿ ಬಾಯಿ ತೆರೆದ. ನಾನು ಅವನನ್ನು ನೋಡಿದ ರೀತಿಗೆ ಅವನು ಬಾಯಿ ಮುಚ್ಚಿದ, ಕೆಂಪು ಚುಕ್ಕೆ ಜಾರಿ ನೆಲಕ್ಕೆ ಬಿತ್ತು.

"ಕೆಸ್ಲರ್‌ದೇ," ಎಂದೆ.

"ನಿಜ?"

"ಡಬ್ಬಿ ಬಿಚ್ಚಿದವಳು ನಾನೇ ಅಲ್ವಾ? ಹಳೇ ಡಬ್ಬಿ. ಟೇಪು ಮೂರು ಸುತ್ತಿತ್ತು."

ಪರದೆಯ ಆಚೆಯಿಂದ, "ಬಿಚ್ಚೋಕೆ ಕಷ್ಟ ಆಯ್ತಾ?"

"ಪ್ರಾಣ ಹೋಯ್ತು. ಯಾವ ಪುಣ್ಯಾತ್ಮ ಹಿಂಗೆ ಅಂಟಿಸಿದ್ನೋ ಅಂತ ಬೈಕೊಂಡೇ ಬಿಚ್ಚಿದೆ."

ವರ್ಲಿನ್ ನಗತೊಡಗಿದ. ನಗು ಸೊಂಟದವರೆಗೂ ಬಂದು ಕಾಲು ಅಲ್ಲಾಡಿತು. "ಅಲ್ಲಾಡಬೇಡ್ರೀ!" ಎಂದು ಹೌಕ್ ಗದರಿದರು. ಗದರಿ ನನ್ನ ಮುಖವನ್ನು ಒಮ್ಮೆ ನೋಡಿದರು, ನಾರ್ಥ್‌ಲೇಕ್ ಗೂಟವನ್ನು ಕೆಸ್ಲರ್ ಮನುಷ್ಯನೊಳಗೆ ಬಡಿದು ಕೂರಿಸಿದರು.

ಕೀಲಿನ ಜೊತೆ ಬರುವ ಗುರುತುಚೀಟಿಯನ್ನು ಜಾನೆಲ್ ಹಿಟ್ಟಿನ ಡಬ್ಬಿಯ ತಳದಲ್ಲಿ ಮುಚ್ಚಿಟ್ಟಳು. ಅದರಲ್ಲಿ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿದೆ. ಆರು ವಾರ ಕಳೆಯಿತು. ಆಗಸ್ಟಿನ ಮೊದಲ ಭಾನುವಾರ ವರ್ಲಿನ್ ಒಂದೇ ಕೋಲು ಹಿಡಿದು, ಚರ್ಚಿನ ಮೆಟ್ಟಿಲುಗಳನ್ನು ಯಾರ ಸಹಾಯವೂ ಇಲ್ಲದೆ ಇಳಿದು ಊಟಕ್ಕೆ ಬಂದ. ಜೇಬಿನಲ್ಲಿ ನಾಲ್ಕು ಪೆನ್ನು. ಅಂದು ನನಗೆ ನಿಜವಾಗಿ ಸಂತೋಷವಾಯಿತು, ಸುಮಾರು ಎರಡು ನಿಮಿಷ.

"ಏನು ಟೇಪಣ್ಣ, ಹೆಂಗಿದೆ ಹೊಸ ಕಾಲು?" ಎಂದ ಗೇಲ್.

ವರ್ಲಿನ್ ಚಮಚ ಕೆಳಗಿಟ್ಟ.

"ಮೂವತ್ತೊಂದು ವರ್ಷದಲ್ಲಿ ಎಷ್ಟು ಡಬ್ಬಿ ಕಳಿಸಿದೀನಿ ಅಂತ ನಂಗೇ ಗೊತ್ತಿಲ್ಲ ಗೇಲ್. ವಾಪಸ್ ನನ್ ಹತ್ರಾನೇ ಬಂದಿದ್ದು ಅದೊಂದೇ. ಕೆಸ್ಲರ್‌ದು. ಮೂರು ಸುತ್ತು ಟೇಪು. ಬೇಕಾದ್ರೆ ಡಾರ್ಲಾನ ಕೇಳು, ಬಿಚ್ಚಿದ್ದು ಅವಳೇ."

ನಲವತ್ತು ಜನ ನನ್ನ ಕಡೆ ತಿರುಗಿದರು. ನಾನು ಬಾಯಿಗೆ ಮ್ಯಾಕರೋನಿ ತುರುಕಿಕೊಂಡು ತಲೆಯಾಡಿಸಿದೆ. ಗೇಲ್‌ನ ಮುಖ ಸಪ್ಪಗಾಯಿತು. ಓರ್ಫಾ ಕಣ್ಣೊರೆಸಿಕೊಂಡಳು. ಸೋಮವಾರ ಇದು ಕ್ಷೌರದಂಗಡಿಯಲ್ಲಿತ್ತು, ಮಂಗಳವಾರ ಅಂಚೆ ಕಚೇರಿಯಲ್ಲಿ. ಬುಧವಾರ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಬೇಕಿತ್ತು.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಚೀಸು ತುರಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಜಾನೆಲ್ ಇರಬೇಕೆಂದು ಹಾಗೇ ಹೋಗಿ ತೆರೆದೆ. ಬೂದು ಕೋಟು, ದಪ್ಪ ಫೈಲು.

"ಒಂದು ಸಣ್ಣ ವಿಚಾರಣೆ," ಎಂದು ಮಿಸ್ ಪ್ಲೆಚರ್ ಒಳಗೆ ಬಂದಳು. "ಮಿಶ್ಲರ್ ಅವರ ಮೈಯಲ್ಲಿ ನಮ್ಮ ಕೀಲಿದೆ ಅಂತ ಊರೆಲ್ಲ ಹೇಳ್ತಿದೆ. ನಮ್ಮ ಪುಸ್ತಕದ ಪ್ರಕಾರ ಆ ದಿನ ಆ ಡಾಕ್ಟ್ರಿಗೆ ನಾವು ಯಾವ ಕೀಲೂ ಕೊಟ್ಟಿಲ್ಲ. ಲೆಕ್ಕಕ್ಕೆ ಸಿಗದ ಕೀಲೊಂದು ಈ ಬೀದಿಯಲ್ಲಿ ನಡೆದಾಡ್ತಿದೆ. ಹಾಗಂತ ಹೇಳಿದ್ದು ನೀವಂತೆ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. ನಾನೂ ನೋಡಿಕೊಂಡೆ. ಕೈಯಲ್ಲಿ, ಚೀಸು ಮೆತ್ತಿಕೊಂಡು, ಆಸ್ಪತ್ರೆಯಿಂದ ಎಂದೋ ಕಂಪನಿಗೆ ವಾಪಸ್ ಹೋಗಬೇಕಿದ್ದ ಒಂದು ತುರಿಬಟ್ಟಲಿತ್ತು. ಅದು ಪ್ರದರ್ಶನದ ತುಂಡು, ಯಾರ ಮೂಳೆಯನ್ನೂ ಮುಟ್ಟಿಲ್ಲ ಎಂದು ಆ ಕಾಲದಲ್ಲಿ ಯಾರೋ ಹೇಳಿದ್ದರು. ನಾನು ಎರಡನೆಯ ಸಲ ಕೇಳಿರಲಿಲ್ಲ.

ಮಿಸ್ ಪ್ಲೆಚರ್ ಕೊರಳಿನ ಭೂತಗನ್ನಡಿ ಎತ್ತಿದಳು. "ಸ್ವಲ್ಪ ಈ ಕಡೆ ತಿರುಗಿಸ್ತೀರಾ?"

ತಿರುಗಿಸಿದೆ.

"ಐವತ್ತೆರಡು," ಎಂದು ಓದಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ತೃಪ್ತಿ ಕಂಡಿತು. "ಇದು ನಮ್ಮದೇ."

ಅವಳು ನನ್ನ ಅಡುಗೆಮನೆಯ ಕುರ್ಚಿ ಎಳೆದು ಕೂತು, ಫೈಲು ಬಿಚ್ಚಿ, ಪೆನ್ನನ್ನು ನನ್ನ ಕಡೆ ಚಾಚಿದಳು. "ಆಸ್ಪತ್ರೆಯಲ್ಲಿ ನಿಮ್ಮ ಕೆಲಸ ಏನು ಡಾರ್ಲಾ ಅವ್ರೇ? ಬರಹದಲ್ಲಿ ಬೇಕು."

ಮೊದಲು ಕಿಟಕಿ ಮುಚ್ಚೋಣವೆಂದು ಹೋದೆ. ಗೇಲ್‌ನ ಮೊಣಕೈ ಆಗಲೇ ಅಲ್ಲಿತ್ತು.